ರಾಜಪಾರ್ಟ್ ಆದಿಶೇಷಪ್ಪನವರ ಮಗಳು

ನೀವು ಮಾತಾಡುತ್ತಿದ್ದರೆ ಸುಗುಣಳ ತುಟಿ ನಿಮಗಿಂತ ಅರ್ಧ ಮಾತು ಮುಂದಿರುತ್ತಿತ್ತು. ಸದ್ದಿಲ್ಲ, ಬರೀ ತುಟಿ. ನೀವು "ನಿನ್ನೆ ಮಡಕಶಿರಾದಲ್ಲಿ ಬಸ್ಸು" ಅನ್ನುವಷ್ಟರಲ್ಲಿ ಅದು "ಕೆಟ್ಟೋಯ್ತು" ಎಂಬಲ್ಲಿಗೆ ಹೋಗಿ ನಿಂತು ನಿಮ್ಮನ್ನು ಕಾಯುತ್ತಿತ್ತು. ಹೊಸಬರು ಕಸಿವಿಸಿಗೊಂಡು ಮಾತು ನಿಲ್ಲಿಸಿಬಿಡುತ್ತಿದ್ದರು. ನನಗೆ ಕಸಿವಿಸಿ ಆಗಲಿಲ್ಲ, ಮೊದಲ ದಿನವೇ ಮೈ ಉರಿಯಿತು. ಆ ಚಟವನ್ನು ನಾನು ಅದಕ್ಕೆ ಮೊದಲು ಒಬ್ಬರಲ್ಲೇ ಕಂಡಿದ್ದೆ, ನಮ್ಮಪ್ಪನಲ್ಲಿ.

ನಮ್ಮಪ್ಪ ತಿಪ್ಪಯ್ಯ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದರು. ರಂಗದ ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತು, ನಟರು ಮರೆತ ಮಾತನ್ನು ಅವರಿಗಷ್ಟೇ ಕೇಳುವ ಹಾಗೆ ಎತ್ತಿಕೊಡುವ ಕೆಲಸ. ಜನಕ್ಕೆ ಕಾಣಬಾರದು, ಕೇಳಿಸಲೂಬಾರದು. ಇಪ್ಪತ್ತು ವರ್ಷಕ್ಕೂ ಮೇಲೆ ಅವರು ಮಾತು ಕೊಟ್ಟದ್ದು ಹೆಚ್ಚಾಗಿ ಒಬ್ಬರಿಗೇ, ಹಿಂದೂಪುರದ ರಾಜಪಾರ್ಟ್ ಆದಿಶೇಷಪ್ಪನವರಿಗೆ. ಕಿರೀಟ ಇಟ್ಟು ಅವರು ರಂಗಕ್ಕೆ ಬಂದರೆ ಕೂತವರು ಎದ್ದು ಶಿಳ್ಳೆ ಹೊಡೆಯುತ್ತಿದ್ದರು. ಆಮೇಲೆ ಸಿನಿಮಾಕ್ಕೂ ಹೋದರು. ತೆಲುಗಿನಲ್ಲಿ ಜಮೀನ್ದಾರ, ಕನ್ನಡದಲ್ಲಿ ಗೌಡ, ಎರಡಕ್ಕೂ ಅದೇ ಮೀಸೆ. ಹಿಂದೂಪುರದ ಕಟಿಂಗ್ ಶಾಪುಗಳಲ್ಲಿ ಅವರ ಫೋಟೋಕ್ಕೆ ದೇವರ ಪಕ್ಕದಲ್ಲೇ ಜಾಗ. ಅಂಥವರಿಗೆ ಸತತವಾಗಿ ಹತ್ತು ಸಾಲು ನೆನಪಿರುತ್ತಿರಲಿಲ್ಲ ಎಂಬುದು ನಮ್ಮ ಮನೆಯಲ್ಲಿ ಮಾತ್ರ ಗೊತ್ತಿದ್ದ ಗುಟ್ಟು.

ಹಾಗಾಗಿ ಹೊಟ್ಟೆಕಿಚ್ಚು ನಾನು ಸಂಪಾದಿಸಿದ್ದಲ್ಲ, ನನಗೆ ಮನೆಯಿಂದ ಬಂದದ್ದು. ಅಪ್ಪನಿಗೆ ಇರಲಿಲ್ಲ, ಅದು ಬೇರೆ ಮಾತು. ಮಾತು ನಮ್ಮದು, ಚಪ್ಪಾಳೆ ಅವರದು ಎಂದು ನಾನು ಹುಡುಗನಿದ್ದಾಗಲೇ ತೀರ್ಮಾನಿಸಿದ್ದೆ. ನಮ್ಮೂರಾದ ಆಂಧ್ರದ ಗಡಿಯ ಕಲ್ಯಾಣದುರ್ಗದಲ್ಲೇ ಕನ್ನಡ ಮೇಷ್ಟ್ರಾಗಿ ಸೇರಿ, ಕಥೆ ಬರೆಯಲು ಕೂತಾಗ ಮನಸ್ಸಿನಲ್ಲಿದ್ದದ್ದೂ ಅದೇ. ಕಿರೀಟ ಅವರ ಮನೆಯಲ್ಲಿರಲಿ, ಅಕ್ಷರವಾದರೂ ತಿಪ್ಪಯ್ಯನ ಮನೆಗೆ ಬರಲಿ. ಹೀಗಿರುವಾಗ ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ "ಸುಗುಣ, ಹಿಂದೂಪುರ" ಎಂಬ ಹೆಸರಿನ ಕಥೆ ಬಂತು. ಅದೇ ವಾರ ಅದೇ ಪತ್ರಿಕೆಯಿಂದ ನನ್ನ ಕಥೆ ವಾಪಸು ಬಂದಿತ್ತು. ಸುಗುಣ ಯಾರು ಎಂದು ಹಿಂದೂಪುರದ ಗೆಳೆಯನಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. "ಗೊತ್ತಿಲ್ವೇನಪ್ಪ, ಮನ ಆದಿಶೇಷಪ್ಪಗಾರಿ ಕೂತುರು. ರಾಜಪಾರ್ಟ್‌ನೋರ ಮಗಳು ಕಣಪ್ಪ" ಅಂದ. ನಾನು ಬೂತಿನವನಿಗೆ ಚಿಲ್ಲರೆ ಕೊಡುವುದನ್ನೂ ಮರೆತು ಹೊರಗೆ ಬಂದೆ.

ಆಕೆಯನ್ನು ನಾನು ಮೊದಲು ನೋಡಿದ್ದು ಹಿಂದೂಪುರದ ಒಂದು ಛತ್ರದ ಮಾಳಿಗೆಯಲ್ಲಿ, ಕನ್ನಡ ಬಳಗದ ತಿಂಗಳ ಸಭೆಯಲ್ಲಿ. ಸಿನಿಮಾದವರ ಮಗಳು ಎಂದರೆ ರೇಷ್ಮೆ ಸೀರೆ, ಕೂಲಿಂಗ್ ಗ್ಲಾಸು ಎಂದುಕೊಂಡು ಹೋಗಿದ್ದೆ. ಬಂದವಳು ಗೂಡಿನ ಮಾರ್ಕೆಟ್ಟಿನ ಆಫೀಸಿನಲ್ಲಿ ಗುಮಾಸ್ತೆ. ವಾಯಿಲ್ ಸೀರೆ, ಹವಾಯಿ ಚಪ್ಪಲಿ, ತಲೆಗೂದಲಲ್ಲಿ ಎಲ್ಲೋ ಸಿಕ್ಕಿಕೊಂಡ ರೇಷ್ಮೆಗೂಡಿನ ಒಂದು ಎಳೆ. ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಮೂರನೇ ವರ್ಷಕ್ಕೆ ತವರಿಗೆ ಮರಳಿದವಳಂತೆ. ಆ ವಿಷಯ ಆಕೆಯೂ ಎತ್ತುತ್ತಿರಲಿಲ್ಲ, ಬೇರೆಯವರೂ ಕೇಳುತ್ತಿರಲಿಲ್ಲ. ನಾನು ತಿಪ್ಪಯ್ಯನ ಮಗ ಎಂದು ತಿಳಿದದ್ದೇ ಎದ್ದು ಬಂದು ಪಕ್ಕದಲ್ಲಿ ಕೂತಳು.

"ರಾಮಾಂಜಣ್ಣ ಅಂದ್ರೆ ನೀನೇನಾ? ತಿಪ್ಪಯ್ಯ ಮಾಮ ನಿನ್ನ ವಿಷ್ಯ ದಿನಾ ಹೇಳೋರು ಕಣಣ್ಣ. ನಿನ್ನ ಅಕ್ಷರ ಮುತ್ತಿನಂಗೆ ಅಂತ."

ನಮ್ಮಪ್ಪ ಬದುಕಿದ್ದಷ್ಟು ಕಾಲ ನನ್ನ ಎದುರಿಗೆ ಆ ಮಾತು ಒಂದು ದಿನವೂ ಹೇಳಿರಲಿಲ್ಲ. ಸಂತೋಷಪಡುವುದು ಬಿಟ್ಟು, ಅದನ್ನು ಈಕೆಗೆ ಯಾಕೆ ಹೇಳಿದರು ಎಂದು ನಾನು ಸಿಟ್ಟಾದೆ.

ಬರೆಯುವುದರಲ್ಲಿ ಆಕೆಯ ಕ್ರಮವೇ ಬೇರೆ. ಆದಿಶೇಷಪ್ಪನವರ ನಾಟಕಗಳ ಹಳೆಯ ಕರಪತ್ರಗಳು ಅವರ ಅಟ್ಟದಲ್ಲಿ ಕಂತೆ ಕಂತೆಯಾಗಿ ಬಿದ್ದಿದ್ದವು, ಗುಲಾಬಿ, ಹಳದಿ, ತಿಳಿಹಸಿರು. ಒಂದು ಮಗ್ಗುಲಲ್ಲಿ ಕಿರೀಟ ಹೊತ್ತ ಅಪ್ಪ, ಇನ್ನೊಂದು ಮಗ್ಗುಲು ಖಾಲಿ. ಸುಗುಣ ಆ ಖಾಲಿ ಮಗ್ಗುಲಲ್ಲಿ ಕಥೆ ಬರೆಯುತ್ತಿದ್ದಳು. ಒಂದು ಸಾಲು ಬರೆಯುವುದು, ಅದನ್ನು ಪಿಸುಮಾತಿನಲ್ಲಿ ಓದುವುದು, ಉಸಿರು ನಿಂತಲ್ಲಿ ಕೆಂಪು ಪೆನ್ಸಿಲಿನಿಂದ ಸಣ್ಣ ಗೀಟು ಎಳೆಯುವುದು. ಗೀಟು ಬಿದ್ದಲ್ಲಿ ವಾಕ್ಯ ಮುಗಿಯಲೇಬೇಕು. ಅವಳ ವಾಕ್ಯಗಳು ಅಷ್ಟು ಚಿಕ್ಕವಾದದ್ದು ಹೀಗೆ. ಬೆಂಗಳೂರಿನ ವಿಮರ್ಶಕರು ಅದನ್ನು ಹೊಸ ಶೈಲಿ ಎಂದು ಬರೆದಾಗ ನಾನು ಪತ್ರಿಕೆಯನ್ನು ಮಡಿಸಿ ಕೂತುಕೊಳ್ಳಲು ಹಾಕಿಕೊಂಡೆ.

ಸಂಪಾದಕರಿಗೆ ಕಳಿಸುವುದೂ ಈ ಕರಪತ್ರವನ್ನೇ ಎಂದು ನಾನು ನಂಬಿದ್ದೆ. ಹಾಳೆ ತಿರುಗಿಸಿದರೆ ಅಪ್ಪನ ಮೀಸೆ ಕಾಣುತ್ತದೆ, ಮೀಸೆ ನೋಡಿ ಯಾವ ಸಂಪಾದಕ ಬೇಡ ಎನ್ನುತ್ತಾನೆ? ಒಂದು ಸಲ ಹಂಗಿಸಿಯೂ ಹಂಗಿಸಿದೆ. ಆಕೆ ನಕ್ಕಳು. "ಅವೆಲ್ಲಾ ಚಿತ್ತು ಬರೆಯಾಕೆ ಕಣಣ್ಣ. ಪತ್ರಿಕೆಗೆ ಬಿಳೀ ಹಾಳೆ. ಅಪ್ಪನ ಹೆಸ್ರು ಎಲ್ಲೂ ಹಾಕಲ್ಲ. ಹಾಕಿದ್ರೆ ನಂಗೆ ಬಂದಿದ್ಯಾವ್ದು, ಅವ್ರಿಗೆ ಬಂದಿದ್ಯಾವ್ದು ಅಂತ ಹೆಂಗೆ ಗೊತ್ತಾಗ್ಬೇಕು?" ಅದು ನಿಜವೆಂದು ನನಗೆ ಆಗಲೇ ಅನ್ನಿಸಿತು. ನಿಜವಾದರೆ ನನ್ನ ಕಥೆಗಳು ವಾಪಸು ಬರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತಿತ್ತು. ಆದ್ದರಿಂದ ನಂಬಲಿಲ್ಲ.

ಆಮೇಲಿನ ನಾಲ್ಕೈದು ವರ್ಷ ಸುಗುಣಳ ವರ್ಷಗಳು. ಕಥೆಗಳು, ಒಂದು ಕಾದಂಬರಿ, ಬಳ್ಳಾರಿಯಲ್ಲಿ ಬಹುಮಾನ, ತನ್ನ ಕಥೆಗಳನ್ನು ತಾನೇ ತೆಲುಗಿಗೆ ಮಾಡಿ ಆ ಕಡೆಯೂ ಓದುಗರು. ಯಾರೋ ಟೀವಿ ಧಾರಾವಾಹಿಗೆ ಸಂಭಾಷಣೆ ಬರೆಯಲು ಕರೆದರು. ಒಂದು ತಿಂಗಳು ಬರೆದು ಬಿಟ್ಟು ಬಂದಳು. "ಅಲ್ಲಿ ಎಲ್ರೂ ಮಾತಾಡ್ತಾನೇ ಇರ್ತಾರೆ ಕಣಣ್ಣ, ಒಬ್ರೂ ಉಸಿರು ತಗಳಲ್ಲ" ಎಂದಳು. ನನ್ನನ್ನು ಕರೆದಿದ್ದರೆ ಚಪ್ಪಲಿ ಹಾಕಿಕೊಳ್ಳದೆ ಓಡಿರುತ್ತಿದ್ದೆ. ನನ್ನ ಹೆಂಡತಿ ಲಕ್ಷ್ಮಿ ಪೋಸ್ಟಿನವನಿಂದ ಪತ್ರಿಕೆ ಇಸಕೊಂಡು ಮೊದಲು ತಾನು ಪುಟ ತಿರುವಿ ನೋಡಿಯೇ ನನಗೆ ಕೊಡುತ್ತಿದ್ದಳು. "ಆಯಮ್ಮಂದು ಬಂದೈತೆ. ರಾಗಿ ಸಂಗಟಿ ಮಾಡ್ಲಾ, ಇಲ್ಲಾ ಇವತ್ತೂ ಹೊಟ್ಟೆ ಸರಿಯಿಲ್ವಾ?" ಎಂದು ಕೇಳುವಳು. ಆ ದಿನಗಳಲ್ಲಿ ನನಗೆ ನಿಜವಾಗಿಯೂ ಹೊಟ್ಟೆ ಸರಿಯಿರುತ್ತಿರಲಿಲ್ಲ.

ನನ್ನ ಕಥೆಯೊಂದನ್ನು ಆಕೆಗೆ ಓದಲು ಕೊಟ್ಟದ್ದುಂಟು. ಹೊಗಳಲಿ ಎಂದೇ ಕೊಟ್ಟದ್ದು. ಹದಿನೈದು ದಿನ ಬಿಟ್ಟು ವಾಪಸು ಕೊಟ್ಟು, "ಕಥೆ ಚೆಂದಾಗೈತೆ. ಆದ್ರೆ ಓದೋರು ಎಲ್ಲಿ ಉಸಿರು ಬಿಡ್ಬೇಕು ಅಂತ ನೀನು ಹೇಳಿಲ್ಲ" ಎಂದಳು. ಹಾಳೆಗಳ ತುಂಬ ಕೆಂಪು ಗೀಟು. ನಾನು ಆರು ತಿಂಗಳು ಹಿಂದೂಪುರದ ಕಡೆ ತಲೆಹಾಕಲಿಲ್ಲ.

ಕಡೆಗೆ ಆಕೆಯೇ ಕಲ್ಯಾಣದುರ್ಗದ ನಮ್ಮ ಮನೆಗೆ ಬಂದಳು. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು, ಲಕ್ಷ್ಮಿ ಕೊಟ್ಟ ಮಜ್ಜಿಗೆ ಕುಡಿದು, ಗೋಡೆಯ ಮೇಲಿದ್ದ ಅಪ್ಪನ ಫೋಟೋದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಕೇಳಿದಳು. "ಅಣ್ಣ, ಮಾಮನ ಪ್ರಾಂಪ್ಟ್ ಪುಸ್ತಕ ಐತಾ? ನೀಲಿ ರಟ್ಟಿಂದು. ಒಂದ್ಸಲ ನೋಡಿ ಕೊಟ್ಬುಡ್ತೀನಿ."

ಇತ್ತು. ಒಳಕೋಣೆಯ ಟ್ರಂಕಿನಲ್ಲಿ ಅಪ್ಪನ ಪಂಚೆಯಲ್ಲಿ ಸುತ್ತಿಟ್ಟಿದ್ದೆ. ಕನ್ನಡ ನಾಟಕ, ತೆಲುಗು ನಾಟಕ ಎರಡನ್ನೂ ಅಪ್ಪ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿದ್ದ ದಪ್ಪ ಪುಸ್ತಕ. ಪುಟದ ತುಂಬ ಕೆಂಪು ಗೀಟುಗಳು, ಆದಿಶೇಷಪ್ಪನವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದಕ್ಕೆ. ಆ ಗೀಟುಗಳನ್ನು ಈಕೆ ಎಲ್ಲಿಂದ ಕಲಿತಳು ಎಂದು ನನಗೆ ಗೊತ್ತಿತ್ತು. ಎಂದಾದರೂ ಒಂದು ದಿನ ನಾನೇ ಅಪ್ಪನ ಬಗ್ಗೆ ಬರೆಯಬೇಕೆಂದು ಅದನ್ನು ಹತ್ತು ವರ್ಷದಿಂದ ಕಾದಿಟ್ಟಿದ್ದೆ. ಒಂದು ಸಾಲೂ ಬರೆದಿರಲಿಲ್ಲ.

"ಅದೆಲ್ಲಾ ಗೆದ್ದಲು ತಿಂದೋಯ್ತಮ್ಮ" ಎಂದೆ.

ನಾನು "ಅದೆಲ್ಲಾ" ಅನ್ನುವಾಗಲೇ ಆಕೆಯ ತುಟಿ ಅಲುಗಿ ನಿಂತಿತ್ತು. ಯಾವ ಮಾತಿಗೆ ಅಲುಗಿತು ಎಂದು ನಾನು ನೋಡಲಿಲ್ಲ, ನೆಲ ನೋಡುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಲಕ್ಷ್ಮಿ ನಿಂತಿದ್ದಳು.

ವರ್ಷ ಕಳೆದು ಸುಗುಣಳ ಹೊಸ ಪುಸ್ತಕ ಬಂತು. ಬೆಂಗಳೂರಿನಲ್ಲಿ ಬಿಡುಗಡೆ ಮಾಡುತ್ತೇವೆ ಎಂದು ಪ್ರಕಾಶಕರು ಹೇಳಿದರೂ ಕಲ್ಯಾಣದುರ್ಗದಲ್ಲೇ ಆಗಬೇಕು ಎಂದು ಹಟ ಹಿಡಿದಳಂತೆ. ಲೇಖಕಿಯ ಪರಿಚಯ ಮಾಡುವ ಕೆಲಸ ನನಗೆ ಬಂತು. ಹದಿನೈದು ದಿನ ಮೊದಲೇ ಪುಸ್ತಕವನ್ನು ಪೋಸ್ಟಿನಲ್ಲಿ ಕಳಿಸಿದ್ದಳು. ಜೊತೆಗೊಂದು ಗುಲಾಬಿ ಕರಪತ್ರದ ಹಿಂಬದಿಯಲ್ಲಿ ನಾಲ್ಕು ಸಾಲು. "ಅಣ್ಣ, ನನ್ನ ಪರಿಚಯ ಏನೂ ಬೇಡ. ಅಪ್ಪನ ಹೆಸರು ಎತ್ತಬೇಡ. ಮೊದಲನೇ ಪುಟ ಓದು. ಅಷ್ಟು ಸಾಕು."

ನಾನು ಆ ಪುಸ್ತಕ ತೆರೆಯಲಿಲ್ಲ. ತೆರೆದರೆ, ಓದಿದರೆ, ಚೆನ್ನಾಗಿದ್ದುಬಿಟ್ಟರೆ ಎಂಬ ಭಯ. ಕಥೆಯ ಮೊದಲ ಪುಟ ಓದಿಸಿ ತನ್ನ ಶೈಲಿ ಮೆರೆಸುವ ಹಂಚಿಕೆ ಇದು ಎಂದುಕೊಂಡೆ. ನನ್ನ ಊರು, ನನ್ನ ಸಭೆ, ನನ್ನ ಕೈಗೆ ಮೈಕು. ಅಲ್ಲಿ ನಿಂತು ಈಕೆಯ ಅಕ್ಷರ ಓದಲೇ?

ಕಲ್ಯಾಣಮಂಟಪ ತುಂಬಿತ್ತು. ಸೆಟ್ಟೂರು, ಬ್ರಹ್ಮಸಮುದ್ರದ ಕಡೆಯ ಕನ್ನಡ ಮೇಷ್ಟ್ರುಗಳೆಲ್ಲ ಬಂದಿದ್ದರು. ನಾನು ಎದ್ದು ಹದಿನೈದು ನಿಮಿಷ ಮಾತಾಡಿದೆ. ರಾಜಪಾರ್ಟ್ ಆದಿಶೇಷಪ್ಪನವರ ಕಿರೀಟ, ಅವರ ಕಂಠ, ಅವರ ಮೀಸೆ, ಅವರ ಸಿನಿಮಾಗಳು. ಜನ ಚಪ್ಪಾಳೆ ತಟ್ಟಿದಷ್ಟೂ ನನಗೆ ಹುರುಪು ಬಂತು. ನಡುವೆ ತೆಲುಗಿಗೂ ಹೊರಳಿದೆ. ಆ ಮಹಾನುಭಾವರ ಮಗಳಾಗಿ ಹುಟ್ಟಿದ ಮೇಲೆ ಬರೆಯುವುದೇನು ದೊಡ್ಡದು ಎಂದು ನಗಿಸಿದೆ. ಕಟ್ಟಕಡೆಗೆ, ಮರೆತು ನೆನಪಾದವನ ಹಾಗೆ, ಸುಗುಣ ಎಂಬ ಹೆಸರು ಹೇಳಿ ಕೂತೆ. ಅಷ್ಟೂ ಹೊತ್ತು ಆಕೆ ನನ್ನ ಕಡೆಯೇ ನೋಡುತ್ತಿದ್ದಳು. ತುಟಿ ಒಂದು ಸಲವೂ ಅಲುಗಲಿಲ್ಲ.

ತನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು, "ನಾನು ಹೇಳಬೇಕಾದ್ದು ಮೊದಲನೇ ಪುಟದಲ್ಲಿದೆ. ಅದನ್ನು ನಾನು ಓದಬಾರದು. ಎಲ್ಲರಿಗೂ ನಮಸ್ಕಾರ" ಎಂದಳು. ಮೂರೇ ವಾಕ್ಯ. ಜನಕ್ಕೆ ಏನೂ ಅರ್ಥವಾಗಲಿಲ್ಲ. ಆಮೇಲೆ ಸಾಲುಗಟ್ಟಿ ಬಂದು "ಆದಿಶೇಷಪ್ಪನವರ ಮಗಳು" ಎಂದು ಬರೆದು ಹಸ್ತಾಕ್ಷರ ಹಾಕಿಕೊಡಿ ಎಂದು ಆಕೆಯನ್ನು ಕೇಳಿದರು.

ಮನೆಗೆ ಬರುವಷ್ಟರಲ್ಲಿ ಲಕ್ಷ್ಮಿ ಪುಸ್ತಕ ತೆರೆದು ಮೇಜಿನ ಮೇಲಿಟ್ಟಿದ್ದಳು. ಬೆರಳಿಟ್ಟು ತೋರಿಸಿದಳು. ಮೊದಲನೇ ಪುಟದಲ್ಲಿ ಕಥೆಯಿರಲಿಲ್ಲ. ಅರ್ಪಣೆ ಇತ್ತು.

"ಪಕ್ಕದ ಪರದೆಯ ಹಿಂದೆ ನನಗೆ ಓದು ಕಲಿಸಿದವರಿಗೆ. ಅಪ್ಪ ಆಡಿದ ಮಾತನ್ನೆಲ್ಲ ನಾನು ಮೊದಲು ಕೇಳಿದ್ದು ಇವರ ಬಾಯಲ್ಲಿ. ಇವರನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ. ಕಲ್ಯಾಣದುರ್ಗದ ತಿಪ್ಪಯ್ಯ ಮಾಮನಿಗೆ."

ಪುಸ್ತಕದ ದೊಡ್ಡ ಕಥೆ ಅಪ್ಪನ ಕಥೆ. ಎಲೆ ಅಡಿಕೆಯ ಚೀಲ, ಒಂದು ಕಿವಿಗೆ ದಾರ ಕಟ್ಟಿದ ಕನ್ನಡಕ, ಕಾಲು ನೋಯುತ್ತದೆಂದು ಒಂದು ಕಾಲು ಎತ್ತಿ ಗೋಡೆಗೆ ಒರಗಿಸಿ ನಿಲ್ಲುವುದು, ಪಕ್ಕದಲ್ಲಿ ಬಣ್ಣದ ಪೆಟ್ಟಿಗೆಯ ಮೇಲೆ ಕೂತ ಪುಟ್ಟ ಹುಡುಗಿಗೆ ಪುಸ್ತಕ ಬಗ್ಗಿಸಿ ಅಕ್ಷರ ತೋರಿಸುವುದು. ಆ ಅಪ್ಪ ನನಗೆ ಗೊತ್ತಿರಲಿಲ್ಲ. ನಾನು ಕಂಡದ್ದು ಹಗಲೆಲ್ಲ ಮಲಗಿ, ಸಂಜೆ ಎದ್ದು ಬಸ್ಸಿಗೆ ಹೋಗುವ ಒಬ್ಬ ಗಂಟಲು ಕೂತ ಮನುಷ್ಯನನ್ನು. ನನಗೆ ಅಳು ಬಂತು ಎಂದು ಹೇಳಿದರೆ ಚೆನ್ನಾಗಿರುತ್ತದೆ. ಬಂದದ್ದು ಹೊಟ್ಟೆಕಿಚ್ಚು, ಹಿಂದೆಂದೂ ಬಾರದಷ್ಟು. ಚಪ್ಪಾಳೆ ಹೋಗಿತ್ತು, ಅಕ್ಷರ ಹೋಗಿತ್ತು, ಈಗ ಅಪ್ಪನೂ ಅವರ ಮನೆಗೆ ಹೋಗಿದ್ದರು.

ಕ್ಷಮೆ ಕೇಳಲು ಹೊರಡುವುದಕ್ಕೇ ಎರಡು ತಿಂಗಳು ಬೇಕಾಯಿತು. ಆದಿಶೇಷಪ್ಪನವರಿಗೆ ಲಕ್ವ ಹೊಡೆದು ಮಾತು ಬಿದ್ದಿದೆ ಎಂಬ ಸುದ್ದಿ ಬಂದ ಮೇಲೆ ಲಕ್ಷ್ಮಿ ನೀಲಿ ರಟ್ಟಿನ ಪುಸ್ತಕವನ್ನು ಟ್ರಂಕಿನಿಂದ ತೆಗೆದು ನನ್ನ ಚೀಲಕ್ಕೆ ಹಾಕಿದಳು. "ಕೊಟ್ಬುಟ್ಟು ಬನ್ನಿ. ಕೊಡ್ದೆ ಬಂದ್ರೆ ನಾನೇ ಹೋಯ್ತೀನಿ" ಅಂದಳು.

ಹಿಂದೂಪುರದ ಮನೆಯ ಪಡಸಾಲೆಯಲ್ಲಿ ಆದಿಶೇಷಪ್ಪನವರು ಕುರ್ಚಿಯಲ್ಲಿ ಕೂತಿದ್ದರು. ಮೀಸೆ ಬೋಳಿಸಿದ್ದರು. ಅವರ ಎಡಕ್ಕೆ, ಒಂದು ಹೆಜ್ಜೆ ಹಿಂದೆ, ಬಾಗಿಲ ಪರದೆಗೆ ಒರಗಿ ಸುಗುಣ ನಿಂತಿದ್ದಳು. ಬಂದವರು ಯಾರಾದರೂ ಮಾತಾಡಿಸಿದರೆ ಆಕೆ ಪಿಸುಗುಟ್ಟುವಳು, ಅವರು ಅದನ್ನು ಹಿಡಿದು, "ಬ… ಬಾ. ಕೂತ್ಕ" ಅನ್ನುವರು. ಹಾಗೆ ಒಂದೊಂದೇ ಮಾತು. ನನ್ನನ್ನು ತೋರಿಸಿ ಆಕೆ ಪಿಸುಗುಟ್ಟುವ ಮೊದಲೇ ಅವರು ನನ್ನ ಮುಖವನ್ನು ದಿಟ್ಟಿಸಿ, ಯಾರೂ ಕೊಡದೆ, "ತಿಪ್ಪಯ್ಯ" ಅಂದರು. ಆಮೇಲೆ, "ಮಾತು ಕೊಡು."

ಚೀಲದಿಂದ ಪುಸ್ತಕ ತೆಗೆದು ಸುಗುಣಳ ಕೈಗಿಟ್ಟೆ. ಗೆದ್ದಲು ತಿಂದಿರದ ಅದರ ರಟ್ಟನ್ನು ಆಕೆ ಒಮ್ಮೆ ಸವರಿ ನೋಡಿದಳು. ಒಂದು ಪುಟ ತೆರೆದು ಪಿಸುಗುಟ್ಟತೊಡಗಿದಳು.

"ಈ ಸಭೆ ನನ್ನದು. ಈ ಸಿಂಹಾಸನ ನನ್ನದು. ನನ್ನ ಮಗ್ಗುಲಲ್ಲಿ ನಿಂತವನು ಯಾರೆಂದು ಕೇಳುವ ಧೈರ್ಯ ಯಾರಿಗಿದೆ?"

ಆದಿಶೇಷಪ್ಪನವರು ಒಂದು ಮಾತೂ ಬಿಡದೆ ಅಷ್ಟನ್ನೂ ಹೇಳಿದರು. ತೊದಲಲಿಲ್ಲ. ಕೆಂಪು ಗೀಟು ಇದ್ದಲ್ಲೆಲ್ಲ ನಿಂತು ಉಸಿರು ತೆಗೆದುಕೊಂಡರು. ಆ ಉಸಿರಿನ ಜಾಗಗಳು ಅಪ್ಪ ಗುರುತು ಹಾಕಿದವು. ಸತ್ತು ಹನ್ನೊಂದು ವರ್ಷವಾಗಿದ್ದ ಅಪ್ಪ ಆ ಪಡಸಾಲೆಯಲ್ಲಿ ಸಲೀಸಾಗಿ ಓಡಾಡುತ್ತಿದ್ದರು, ಅವರಿಬ್ಬರ ನಡುವೆ. ನಾನು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ನೋಡಿದೆ. ಆಗಲೂ ಅಸೂಯೆಪಟ್ಟೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಹೊರಡುವಾಗ ಸುಗುಣ ಗೇಟಿನವರೆಗೆ ಬಂದಳು. "ಸುಗುಣಮ್ಮ, ಅವತ್ತು ಸಭೇಲಿ ನಾನು" ಎಂದು ಶುರುಮಾಡಿದೆ. ಆಕೆಯ ತುಟಿ ಮುಂದಕ್ಕೆ ಹೋಯಿತು. ಸ್ಪಷ್ಟವಾಗಿ ಕಂಡೆ, "ತಪ್ಪು ಮಾಡ್ದೆ" ಎಂದು ಅದು ಆಕಾರ ಕಟ್ಟಿ ನಿಂತು ನನ್ನನ್ನು ಕಾಯುತ್ತಿತ್ತು. ಹೇಳುವುದಷ್ಟೇ ಬಾಕಿ. ಆದರೆ ಆ ಮಾತೂ ಆಕೆಯ ಬಾಯಲ್ಲೇ ಮೊದಲು ಹುಟ್ಟಿಬಿಟ್ಟಿತಲ್ಲ ಎಂದುಕೊಂಡು ಕೈಗಡಿಯಾರ ನೋಡಿದೆ. "ನಾಲ್ಕು ಗಂಟೆ ಬಸ್ಸಿಗೆ ಹೋಗ್ಬೇಕು" ಎಂದೆ.

ಆಕೆ ಗೇಟಿನ ಚಿಲಕ ತೆಗೆದಳು. "ಆ ಸಾಲು ಬಿಟ್ಟೋಯ್ತು ಬಿಡಣ್ಣ" ಎಂದಳು. "ಮಾಮ ಹೇಳೋರು, ಬಿಟ್ಟೋದ್ ಮಾತ್ಗೆ ಹಿಂದುಕ್ ಹೋಗ್ಬಾರ್ದು, ಮುಂದಿಂದು ಕೊಡ್ಬೇಕು ಅಂತ. ಹುಷಾರಾಗಿ ಹೋಗ್ಬುಟ್ಟು ಬಾ."

ಅದೇ ಕೊನೆ. ಮುಂದಿನ ಬೇಸಿಗೆಯಲ್ಲಿ ಕಾಮಾಲೆ ಬಂದು ಇಪ್ಪತ್ತು ದಿನದಲ್ಲಿ ಸುಗುಣ ಹೋಗಿಬಿಟ್ಟಳು. ನನಗೆ ಸುದ್ದಿ ತಲುಪಿದ್ದು ಮಣ್ಣಾದ ಮೇಲೆ.

ಕಲ್ಯಾಣದುರ್ಗದ ಅದೇ ಕಲ್ಯಾಣಮಂಟಪದಲ್ಲಿ ಸಂತಾಪ ಸಭೆ ಮಾಡಿದೆವು. ಆದಿಶೇಷಪ್ಪನವರನ್ನು ಅವರ ತಂಗಿಯ ಮಗ ಕಾರಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಅವರ ಎಡಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ನಾನು ಮೈಕಿನ ಮುಂದೆ ನಿಂತು, ಲೇಖಕಿಯ ಪರಿಚಯ ಎಂದಷ್ಟೇ ಹೇಳಿ, ಪುಸ್ತಕದ ಮೊದಲನೇ ಪುಟ ತೆರೆದೆ. ಪಕ್ಕದ ಪರದೆಯ ಹಿಂದೆ ನನಗೆ ಓದು ಕಲಿಸಿದವರಿಗೆ. ಅಪ್ಪ ಆಡಿದ ಮಾತನ್ನೆಲ್ಲ ನಾನು ಮೊದಲು ಕೇಳಿದ್ದು ಇವರ ಬಾಯಲ್ಲಿ. ಇವರನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ. ಅಷ್ಟು ಓದಿದೆ. "ಕಲ್ಯಾಣದುರ್ಗದ" ಎಂಬಲ್ಲಿಗೆ ಬಂದು ನಿಂತುಹೋದೆ. ಮುಂದಿನ ಅಕ್ಷರ ಕಣ್ಣೆದುರಿಗಿತ್ತು, ಬಾಯಿಗೆ ಬರಲಿಲ್ಲ. ಗೊತ್ತಿಲ್ಲದೆಯೇ ಎಡಕ್ಕೆ ತಿರುಗಿ ನೋಡಿದೆ. ಅಲ್ಲಿ ನೀರಿನ ಬಾಟಲಿ ಇಟ್ಟ ಒಂದು ಸ್ಟೂಲು ಇತ್ತು.

ಮುಂದಿನ ಸಾಲಿನಲ್ಲಿ ಆದಿಶೇಷಪ್ಪನವರ ತುಟಿ ಅಲುಗಿತು. "ತಿಪ್ಪಯ್ಯ" ಅಂದರು, ನನಗಷ್ಟೇ ಕೇಳುವ ಹಾಗೆ.

ನಾನು ಅದನ್ನು ಎತ್ತಿಕೊಂಡು, ಸಭೆಗೆಲ್ಲ ಕೇಳುವಂತೆ, ನಮ್ಮಪ್ಪನ ಹೆಸರು ಹೇಳಿದೆ.